ಈರುಳ್ಳಿ ಶೆಡ್ಡಿನ ಅಂಗಿ

ಅಜ್ಜಂಪುರ
ಅಕ್ಟೋಬರ್ 12, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ಜಯಶೀಲಾ ಮಾಡುವ ನಮಸ್ಕಾರಗಳು. ನಿಮ್ಮ ಮಂಡಿ ನೋವು ಹೇಗಿದೆ? ಮಗಳು ಅಕ್ಷತಾಳ ಮನೆ ಮಹಡಿಯ ಮೇಲಿದೆ, ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಹತ್ತಿ ಇಳಿಯಬೇಡಿ. ಶುಗರ್ ಮಾತ್ರೆಯ ಡಬ್ಬಿಯನ್ನು ನೀವು ಗೂಡಿನಲ್ಲೇ ಬಿಟ್ಟು ಹೋಗಿದ್ದಿರಿ. ಸೋಮವಾರ ಇವರು ಜೆಸಿಬಿ ಕೆಲಸಕ್ಕೆ ಕಡೂರಿನ ಕಡೆ ಬಂದಾಗ ತಂದುಕೊಟ್ಟರಲ್ಲ, ಅದರಲ್ಲಿ ಬಿಳಿಯದು ಬೆಳಿಗ್ಗೆ ತಿಂಡಿಗೆ ಮೊದಲು, ಹಳದಿಯದು ಸಂಜೆ ಊಟಕ್ಕೆ ಮೊದಲು. ಅದಲು ಬದಲು ಮಾಡಿಕೊಳ್ಳಬೇಡಿ. ಎಲೆಅಡಿಕೆಗೆ ಕಡ್ಡಿಪುಡಿ ಹಾಕುವುದನ್ನು ಸ್ವಲ್ಪ ಕಡಿಮೆ ಮಾಡಿ ಎಂದೂ ಬರೆಯಬೇಕೆಂದಿದ್ದೆ. ಈ ಸಲ ಬರೆಯುವುದಿಲ್ಲ. ಯಾಕೆಂದು ಕೊನೆಯಲ್ಲಿ ಗೊತ್ತಾಗುತ್ತದೆ.

ಇಲ್ಲಿ ಇವರಿಗೆ ಸ್ವಲ್ಪ ಶೀತವಾಗಿದೆ. ನಿಮ್ಮ ಬಿಳಿ ಮೇಕೆ ಮಂಗಳವಾರ ಎರಡು ಮರಿ ಹಾಕಿತು, ಎರಡೂ ಹೆಣ್ಣು. ಒಂದಕ್ಕೆ ಹಣೆಯ ಮೇಲೆ ಕಪ್ಪು ಮಚ್ಚೆ ಇದೆ. ನಿಮ್ಮ ಮೊಮ್ಮಗಳು ಭೂಮಿ ಊಟ ಮಾಡುತ್ತಿದ್ದಾಳೆ, ನಿದ್ದೆ ಸರಿಯಿಲ್ಲ. ಅದನ್ನೂ ಸರದಿ ಬಂದಾಗ ಬರೆಯುತ್ತೇನೆ.

ಅರ್ಧ ಗಂಟೆಯ ರೈಲಿನ ದಾರಿಗೆ ಪತ್ರ ಯಾಕೆ ಎಂದು ನೀವು ಕೇಳಬಹುದು. ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ ನೀವು ಅತ್ತಿರಿ, ಒಂದು ಸಲ ನಾನು ರೇಗಿದೆ, ನಾಲ್ಕನೆಯ ಸಲ ಮಾತಿಗೆ ಮೊದಲೇ ಕಟ್ ಆಯಿತು. ಹೇಳಬೇಕಾದ್ದು ಹಾಗೇ ಉಳಿಯಿತು. ಕಾಗದವಾದರೆ ಮಧ್ಯೆ ಕಟ್ ಆಗುವುದಿಲ್ಲ. ಅಕ್ಷತಾ ಓದಿ ಹೇಳುತ್ತಾಳೆ, ನೀವು ಕೇಳುತ್ತೀರಿ. ಅಕ್ಷತಾ, ನಿನ್ನ ಗಂಡ ಧನಪಾಲಣ್ಣನ ಮಾತು ಬಂದ ಕಡೆ ಸಾಲು ಹಾರಿಸಬೇಡ ಕಣೇ. ಅವರನ್ನು ಬೈದಿಲ್ಲ. ಬೈದಿದ್ದೇನೆ ಅನ್ನಿಸಿದರೂ ಪೂರ್ತಿ ಓದು. ನಮ್ಮಪ್ಪ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಪೇಪರ್ ಮಾರಿದವರು. ಶಾಲೆಯಲ್ಲಿ ಏನೇ ಜಗಳವಾಗಿ ಮನೆಗೆ ಬಂದರೂ, ಯಾರು, ಎಲ್ಲಿ, ಯಾವಾಗ ಅಂತ ಮೊದಲು ಹೇಳು, ಅಳೋದನ್ನ ಆಮೇಲೆ ಇಟ್ಕೋ ಅನ್ನುತ್ತಿದ್ದರು. ಹಾಗೇ ಬರೆಯಲು ನೋಡುತ್ತೇನೆ.

ಮೊದಲು ಮುಖ್ಯ ಸುದ್ದಿ. ಭೂಮಿಯನ್ನು ವಿಶೇಷ ಮಕ್ಕಳ ಹಾಸ್ಟೆಲ್ ಶಾಲೆಗೆ ಸೇರಿಸುವ ಅರ್ಜಿಗೆ ನಾನು ಸಹಿ ಹಾಕುವುದಿಲ್ಲ. ಅರ್ಜಿಯನ್ನು ಈ ಕಾಗದದ ಜೊತೆಯಲ್ಲೇ ಮಡಿಸಿ ಇಟ್ಟಿದ್ದೇನೆ. ಹದಿನೇಳನೇ ತಾರೀಕು ಕೊನೆಯ ದಿನ ಎಂದು ಧನಪಾಲಣ್ಣ ಹೇಳಿದ್ದಾರೆ, ಅದರೊಳಗೆ ಅವರಿಗೆ ನಮ್ಮ ತೀರ್ಮಾನ ತಿಳಿದಿರಬೇಕು. ಆ ಸೀಟಿಗಾಗಿ ಅವರು ಮೂರು ಸಲ ಅಷ್ಟು ದೂರ ಹೋಗಿ ಬಂದಿದ್ದಾರೆ, ಒಂದು ಸಲ ಮಳೆಯಲ್ಲಿ ಬಸ್ ಕೆಟ್ಟು ಅರ್ಧ ದಾರಿಯಲ್ಲಿ ನಿಂತಿದ್ದರು. ಅದನ್ನು ನಾನು ಮರೆಯುವವಳಲ್ಲ. ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಇವರು ಹಬ್ಬದ ದಿನ ತಂದೆಯ ಜಾಗದಲ್ಲಿ ಸಹಿ ಹಾಕಿದ್ದರು. ನಿನ್ನೆ ನಾನು ಎಲ್ಲ ಹೇಳಿದ ಮೇಲೆ ಪೆನ್ನು ತೆಗೆದುಕೊಂಡು ತಮ್ಮ ಸಹಿಯನ್ನು ತಾವೇ ಹೊಡೆದು ಹಾಕಿದರು. ನಾನು ಹೊಡೆಸಿದ್ದಲ್ಲ, ಇದನ್ನು ನೀವು ನಂಬಬೇಕು.

ಇನ್ನು ಯಾಕೆ ಎಂಬುದು. ನಿಮಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮಿಬ್ಬರಿಗೂ ಗೊತ್ತಿದ್ದದ್ದು ಅರ್ಧ. ಕೆಲಸಕ್ಕೆ ಹೋಗುವ ಹೆಂಗಸರು ನಾವೆಲ್ಲ ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ತೊಡುತ್ತೇವೆ. ಜಯದೇವಪ್ಪನವರ ಶೆಡ್ಡಿನಲ್ಲಿ ಈರುಳ್ಳಿಯ ತಲೆ ಕೊಯ್ದು ಆರಿಸುವಾಗ ನಾನು ನಾಲ್ಕು ವರ್ಷದಿಂದ ತೊಡುತ್ತಿದ್ದದ್ದು ಇವರ ನೀಲಿ ಚೌಕಳಿ ಅಂಗಿ. ಎಡಗಡೆ ಮೊಳಕೈ ಹರಿದಿತ್ತು, ಎರಡು ಗುಂಡಿ ಇರಲಿಲ್ಲ. ಸಂಜೆ ಐದೂವರೆಗೆ ಬಂದು ಅದನ್ನು ಬಚ್ಚಲ ಪಕ್ಕದ ಮೊಳೆಗೆ ಹಾಕಿ ಕೈಕಾಲು ತೊಳೆಯಲು ಹೋಗುತ್ತಿದ್ದೆ. ಭೂಮಿ ನನ್ನ ಕಡೆ ತಿರುಗುತ್ತಿರಲಿಲ್ಲ. ಮೊಳೆಯಿಂದ ಅಂಗಿ ಇಳಿಸಿಕೊಂಡು, ಒರಳುಕಲ್ಲಿನ ಮೂಲೆಯಲ್ಲಿ ಕೂತು, ಕಾಲರನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಅರ್ಧ ಗಂಟೆ ಹಾಗೇ. ಆಮೇಲೆ ತಾನೇ ಎದ್ದು ಊಟಕ್ಕೆ ಬರುತ್ತಿದ್ದಳು. ನನ್ನ ಜೊತೆ ಶೆಡ್ಡಿಗೆ ಬರುವ ತಿಪ್ಪೇಶನ ಹೆಂಡತಿ ಬಾಗಿಲಲ್ಲಿ ನಿಂತು, ನಿನ್ ಮಗಳಿಗೆ ಸೆಂಟು ಬ್ಯಾಡ ಕಣೇ, ಈರುಳ್ಳಿ ಶೆಡ್ಡೇ ಸಾಕು ಎಂದು ನಕ್ಕಾಗ ನಾವಿಬ್ಬರೂ ನಕ್ಕಿದ್ದೆವು. ನಾನು ನಕ್ಕದ್ದು ಮೇಲೆ ಮೇಲೆ. ಒಂಬತ್ತು ವರ್ಷದ ಮಗಳು ಒಂದು ದಿನ ಅಮ್ಮ ಅಂದವಳಲ್ಲ. ನೀರು ಅನ್ನುತ್ತಾಳೆ, ಬೇಡ ಅನ್ನುತ್ತಾಳೆ, ಬಸ್ ಅನ್ನುತ್ತಾಳೆ. ನನಗಿಂತ ಆ ಹರಕಲು ಅಂಗಿಯನ್ನೇ ಹೆಚ್ಚು ಹಚ್ಚಿಕೊಂಡಿದ್ದಾಳಲ್ಲ ಎಂದು ನಾನು ಅಂಗಿಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಸೆಪ್ಟೆಂಬರ್ 24, ಬುಧವಾರ, ಹಬ್ಬಕ್ಕೆಂದು ಮನೆ ಸುಣ್ಣ ಬಳಿಯುವ ಗಡಿಬಿಡಿಯಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬಂದಳು. ಅವತ್ತು ಶೆಡ್ಡಿನಲ್ಲಿ ಲೋಡು ತುಂಬುವ ಕೆಲಸವಿತ್ತು, ಕೊಯ್ಯುವುದಿರಲಿಲ್ಲವೆಂದು ನಾನು ಅಂಗಿ ತೊಡದೆ ಹೋಗಿದ್ದೆ. ನೀವು ಗಂಟಿನ ಜೊತೆ ಮೊಳೆಯ ಮೇಲಿದ್ದ ಅಂಗಿಯನ್ನೂ ಕೊಟ್ಟು ಒಂದು ಸ್ಟೀಲ್ ಬೇಸಿನ್ ತೆಗೆದುಕೊಂಡಿರಿ. ನಾನು ಬಂದಾಗ, ಆ ನಾತದ ಅಂಗಿಗೂ ಬೆಲೆ ಕಟ್ಸಿದೆ ನೋಡೇ ಜಯಾ ಎಂದು ಖುಷಿಯಿಂದ ಬೇಸಿನ್ ತೋರಿಸಿದಿರಿ. ನೀವು ಬೇಕೆಂದು ಮಾಡಿದ್ದಲ್ಲ. ನಿಮ್ಮ ಜಾಗದಲ್ಲಿ ಯಾವ ಮನೆಯ ಯಜಮಾನಿಯಾದರೂ ಅದನ್ನೇ ಮಾಡುತ್ತಿದ್ದಳು. ಆಮೇಲಿನ ಮೂರು ದಿನ ಭೂಮಿ ಗೋಡೆಗೆ ತಲೆ ಹೊಡೆದುಕೊಂಡದ್ದನ್ನು ನೀವೇ ನೋಡಿದ್ದೀರಿ, ನಿಮ್ಮ ಅಂಗೈಯನ್ನು ಗೋಡೆಗೂ ಅವಳ ಹಣೆಗೂ ಮಧ್ಯೆ ಇಟ್ಟು ಕೂತವರು ನೀವು. ಆ ಕೈ ಊದಿದ್ದು ನನಗೆ ನೆನಪಿದೆ. ಆದರೆ ಆಗಲೇ ನೀವು ಆ ಮಾತನ್ನೂ ಆಡಿದಿರಿ. ಹೆತ್ತೋಳು ಎದುರಿಗೆ ಕುಂತವ್ಳೆ, ಅವಳ ಕಡೆ ತಿರುಗ್ ನೋಡಕಿಲ್ಲ, ಒಂದು ಹರಕ್ಲು ಅಂಗಿಗೆ ಪ್ರಾಣ ಬಿಡ್ತೈತೆ. ಇದಕ್ಕೆ ತಾಯಿ ಅಂದ್ರೆ ಯಾರು ಅಂತ ಗೊತ್ತಾ? ಎಲ್ಲಿದ್ರೂ ಒಂದೇ ಕಣೇ ಇದಕ್ಕೆ.

ನನಗೆ ತಾಗಿದ್ದು ಅದು ನಿಮ್ಮ ಬಾಯಿಂದ ಬಂತೆಂದಲ್ಲ. ನನ್ನ ಮನಸ್ಸಿನಲ್ಲೂ ಅದೇ ಇತ್ತೆಂದು.

ಆಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ, ಯಾಕೆಂದರೆ ನಾನು ಯಾರಿಗೂ ಹೇಳಲಿಲ್ಲ. ಶುಕ್ರವಾರ ತರೀಕೆರೆಗೆ ಹೋಗಿ ಅಂಥದ್ದೇ ನೀಲಿ ಚೌಕಳಿ ಅಂಗಿ ಹುಡುಕಿ ತಂದೆ. ಭೂಮಿ ಒಂದು ಸಲ ಮೂಸಿ ಎಸೆದಳು. ಹೊಸದೆಂದು ಹಾಗೆ ಮಾಡಿದಳೇನೋ ಎಂದು ಪೆಟ್ಟಿಗೆಯಿಂದ ಇವರ ಇನ್ನೊಂದು ಹಳೇ ಅಂಗಿ ಕೊಟ್ಟೆ. ಎಸೆದಳು. ಈರುಳ್ಳಿಯ ವಾಸನೆಯೇ ಬೇಕಿರಬೇಕೆಂದು ತಿಪ್ಪೇಶನ ಹೆಂಡತಿಯ ಶೆಡ್ಡಿನ ಅಂಗಿಯನ್ನು ಬೇಡಿ ತಂದೆ. ನಮ್ಮ ಅಂಗಿಗಿಂತ ಅದರಲ್ಲೇ ಘಾಟು ಹೆಚ್ಚು. ಅದನ್ನಂತೂ ಬಾಗಿಲಾಚೆ ಚರಂಡಿಗೆ ಎಸೆದಳು. ಬಣ್ಣ ಅಲ್ಲ, ಹಳೇದು ಹೊಸದು ಅಲ್ಲ, ಈರುಳ್ಳಿಯೂ ಅಲ್ಲ. ಮಿಕ್ಕದ್ದು ಒಂದೇ. ಶನಿವಾರದಿಂದ ತರೀಕೆರೆಯ ಆ ಅಂಗಿಯನ್ನು ನಾನೇ ತೊಟ್ಟೆ. ಒಗೆಯಲಿಲ್ಲ. ಶೆಡ್ಡಿನಲ್ಲಿ ತೊಟ್ಟೆ, ಒಲೆಯ ಮುಂದೆ ತೊಟ್ಟೆ. ಆಯುಧಪೂಜೆಗೆ ಶೆಡ್ಡು ಎರಡು ದಿನ ರಜ, ಆ ಎರಡು ದಿನವೂ ಬಿಡಲಿಲ್ಲ. ಹಬ್ಬದ ದಿನ ಹೊಸ ಸೀರೆಯ ಮೇಲೆ ಬೆವರಿನ ಅಂಗಿ ತೊಟ್ಟು ಒಬ್ಬಟ್ಟು ಬಡಿಸಿದೆನಲ್ಲ, ಧನಪಾಲಣ್ಣ ನೋಡಿ, ಏನಕ್ಕಾ, ಹೋಳಿಗೆ ಲೋಡು ಎಲ್ಲಿಗೆ ಎಂದರು. ಎಲ್ಲರೂ ನಕ್ಕರು. ಅಕ್ಷತಾ, ನೀನೂ ನಕ್ಕೆ. ನೀವು ಮಾತ್ರ ನಗಲಿಲ್ಲ ಅತ್ತೆ, ಮೊಮ್ಮಗಳ ಕಾಟಕ್ಕೆ ಸೊಸೆಗೂ ತಲೆ ಕೆಟ್ಟಿತು ಎಂದು ಹೆದರಿದಿರಿ. ಯಾಕೆ ತೊಟ್ಟಿದ್ದೀಯ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ಆಗಿನ್ನೂ ನನಗೇ ಗೊತ್ತಿರಲಿಲ್ಲ.

ಅವತ್ತೇ ಊಟವಾದ ಮೇಲೆ ಅರ್ಜಿ ಹೊರಗೆ ಬಂತು. ಒಂದು ಮಾತಿಗೆ ಒಂದು ಬೆಳೆದು ನಾನು ಎರಡು ಮಾತು ಆಡಿದೆ. ಭೂಮಿ ವಿಷಯ ಮಾತಾಡೋ ಹಕ್ಕು ನಿಮಗಿಲ್ಲ ಅಂದೆ. ಅದು ತಪ್ಪು. ಬಾಣಂತನದಿಂದ ಹಿಡಿದು ಇವತ್ತಿನವರೆಗೆ ಅವಳಿಗೆ ಎಣ್ಣೆ ನೀರು ಎರೆದವರು ನೀವು, ನಾನು ಶೆಡ್ಡಿಗೆ ಹೋದಷ್ಟು ಹೊತ್ತೂ ಅವಳ ಹಿಂದೆ ಓಡಾಡಿ ಮಂಡಿ ಸವೆಸಿಕೊಂಡವರು ನೀವು. ಅದಕ್ಕೆ ಕ್ಷಮೆ ಕೇಳುತ್ತೇನೆ. ಇನ್ನೊಂದು, ಒಂದು ಬೇಸಿನ್ನಿಗೆ ನನ್ನ ಮಗಳ ನೆಮ್ಮದಿ ಮಾರಿಬಿಟ್ರಿ ಅಂದೆ. ಅದಕ್ಕೆ ಕೇಳುವುದಿಲ್ಲ. ಮಾರನೆಯ ದಿನ, ಶುಕ್ರವಾರ, ನೀವು ಬ್ಯಾಗು ಹಿಡಿದು ಅಕ್ಷತಾಳ ಜೊತೆ ಹೊರಟಿರಿ.

ನೀವು ಹೋದ ಮರುದಿನ, ಅಕ್ಟೋಬರ್ 4, ಶನಿವಾರ, ಅಂಗಿ ತೊಟ್ಟು ಎಂಟನೆಯ ದಿನ. ಭೂಮಿಯನ್ನು ಇವರ ಹತ್ತಿರ ಬಿಟ್ಟು ಶೆಡ್ಡಿಗೆ ಹೋಗಿದ್ದವಳು ಐದೂವರೆಗೆ ಬಂದು ಮೊಳೆಗೆ ಹಾಕಿ ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ಮೊಳೆ ಖಾಲಿ. ಭೂಮಿ ಒರಳುಕಲ್ಲಿನ ಮೂಲೆಯಲ್ಲಿ ಕೂತು ಕಾಲರನ್ನು ಮೂಗಿಗೆ ಒತ್ತಿಕೊಂಡಿದ್ದಳು. ನಾನು ಹತ್ತಿರ ಹೋಗಿ ಕೂತೆ. ತಿರುಗಿ ನೋಡಲಿಲ್ಲ. ಆದರೆ ಸ್ವಲ್ಪ ಹೊತ್ತಾದ ಮೇಲೆ ಅಂಗಿ ಇಟ್ಟುಕೊಂಡೇ ನನ್ನ ತೋಳನ್ನು ಒಂದು ಸಲ ಮೂಸಿ, ಮತ್ತೆ ಅಂಗಿಗೆ ಹೋದಳು. ನಾವು ತೆಂಗಿನಕಾಯಿ ಕೊಳ್ಳುವಾಗ ಎರಡನ್ನು ಕುಲುಕಿ ಎರಡರ ಸದ್ದೂ ಒಂದೇನಾ ಎಂದು ನೋಡುತ್ತೇವಲ್ಲ, ಹಾಗೆ. ಈರುಳ್ಳಿ ಘಾಟು, ಒಲೆಯ ಹೊಗೆ ಎಲ್ಲರ ಅಂಗಿಯಲ್ಲೂ ಇರುತ್ತದೆ, ಎಂಟು ದಿನದಲ್ಲಿ ಈ ಅಂಗಿಗೆ ಅದರ ಮೇಲೆ ಸೇರಿದ್ದು ನನ್ನ ಬೆವರು ಮಾತ್ರ. ಅವಳು ಹಚ್ಚಿಕೊಂಡದ್ದು ಅಂಗಿಯನ್ನಲ್ಲ ಅತ್ತೆ. ನಾನು ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಬರುತ್ತೇನೆ. ಬಂದವಳು ಮಾತಾಡಿಸುತ್ತೇನೆ, ಮುಖ ಹಿಡಿದು ತಿರುಗಿಸುತ್ತೇನೆ, ಅದು ಅವಳಿಗೆ ಆಗದು. ಅಂಗಿ ಮಾತಾಡುವುದಿಲ್ಲ, ಅಷ್ಟೇ.

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲವೆಂದು ನೀವು ನಂಬಬೇಕು, ಅದಕ್ಕೆ ನಿನ್ನೆಯ ವಿಷಯ ಬರೆಯುತ್ತೇನೆ. ಎರಡನೆಯ ಶನಿವಾರ ತರೀಕೆರೆಯಲ್ಲಿ ಇಂಥ ಮಕ್ಕಳ ತಾಯಂದಿರು ಸೇರುತ್ತೇವೆಂದು ನಿಮಗೆ ಗೊತ್ತು. ಹರಟೆ ಹೊಡಿಯೋಕೆ ಬಸ್ ಚಾರ್ಜು ಎಂದು ನೀವು ಗೊಣಗುತ್ತಿದ್ದದ್ದೂ ನನಗೆ ಗೊತ್ತು. ಮಕ್ಕಳಿಗೆ ತರಬೇತಿ ಕೊಡುವ ಅಶ್ವಿನಿ ಮೇಡಂ ನಿನ್ನೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರು. ಮಗು ನಿಮ್ಮನ್ನ ಹಚ್ಕೊಂಡಿದೆ ಅಂತ ನಿಮಗೆ ಯಾವತ್ತು ಗೊತ್ತಾಯ್ತು? ಮೊದಲು ಅಮೃತಾಪುರದವಳೊಬ್ಬಳು ಹೇಳಿದಳು, ಅವಳ ಮಗ ಮುಖ ನೋಡುವವನಲ್ಲ, ಆದರೆ ಅವಳು ಹಸಿರು ಬಳೆ ತೆಗೆದು ಕೆಂಪು ಬಳೆ ಹಾಕಿಕೊಂಡ ದಿನ ಅವಳ ಕೈಯಿಂದ ತುತ್ತು ತೆಗೆದುಕೊಳ್ಳಲಿಲ್ಲವಂತೆ. ಶಿವನಿಯಿಂದ ಬರುವ ಒಬ್ಬಳು ತಲೆ ತಗ್ಗಿಸಿಕೊಂಡು, ನನಗೇ ಅದರ ಮೇಲೆ ಪ್ರೀತಿ ಹುಟ್ಟೋಕೆ ಎರಡು ವರ್ಷ ಹಿಡೀತು, ಮಗುವನ್ನ ಏನಂತ ಕೇಳ್ಲಿ ಮೇಡಂ ಅಂದಳು. ಯಾರೂ ಅವಳನ್ನು ಬೈಯಲಿಲ್ಲ. ಪಕ್ಕದವಳು ಅವಳ ಕೈ ಹಿಡಿದುಕೊಂಡಳು, ಅಷ್ಟೇ. ಇನ್ನೊಬ್ಬಳು ಮಗನನ್ನು ಹಾಸ್ಟೆಲ್ ಶಾಲೆಗೆ ಸೇರಿಸಿದ್ದಾಳೆ. ಅವಳಿಗೆ ಗಂಡನಿಲ್ಲ, ಅತ್ತೆಯಿಲ್ಲ, ಮಗ ಹದಿನಾಲ್ಕು ವರ್ಷದವನು, ಕೈ ಮಾಡುತ್ತಿದ್ದ. ಅಲ್ಲಿ ಅವನು ಚೆನ್ನಾಗಿದ್ದಾನೆ. ಅವಳನ್ನು ಕೆಟ್ಟ ತಾಯಿ ಎನ್ನಲು ನನಗೆ ಬಾಯಿಲ್ಲ. ಹಾಸ್ಟೆಲ್ ಕೆಟ್ಟದ್ದೆಂದು ನಾನು ಸಹಿ ನಿಲ್ಲಿಸುತ್ತಿಲ್ಲ. ಎಲ್ಲಿದ್ದರೂ ಒಂದೇ ಎಂಬ ಕಾರಣಕ್ಕೆ ಕಳಿಸುವುದಾದರೆ ಆ ಕಾರಣ ಸುಳ್ಳು, ಅದಕ್ಕೆ ನಿಲ್ಲಿಸುತ್ತಿದ್ದೇನೆ.

ನನ್ನ ಸರದಿ ಬಂದಾಗ ಅಂಗಿಯ ವಿಷಯ ಹೇಳಿದೆ. ಮೇಡಂ ಬರೆದುಕೊಂಡರು. ಜನ ನನಗೆ ಎರಡು ಮಾತು ಹೇಳುತ್ತಾರೆ ಎಂದೂ ಅಲ್ಲಿ ಹೇಳಿದೆ. ಒಂದು, ತಾಯಿ ಕೂಲಿಗೆ ಹೋಗಿ ಮಗೂನ ಕೈಬಿಟ್ಟಿದ್ದಕ್ಕೇ ಹಿಂಗಾಯ್ತು. ಇನ್ನೊಂದು, ನಿನಗೆ ತಾಳ್ಮೆ ಐತೆ ಅಂತ ದೇವರೇ ಆರಿಸಿ ಕೊಟ್ಟವ್ನೆ. ಎರಡೂ ನನಗೆ ಬೇಡ. ನಾನು ಕೆಲಸಕ್ಕೆ ಹೊರಟದ್ದು ಭೂಮಿಗೆ ಐದು ತುಂಬಿದ ಮೇಲೆ, ಶಿವಮೊಗ್ಗದ ಡಾಕ್ಟರು ಆಟಿಸಂ ಎಂದು ಹೇಳಿದ್ದು ನಾಲ್ಕಕ್ಕೆ. ತಾರೀಕು ನೋಡಿದರೆ ಮೊದಲನೆಯದು ಬಿದ್ದುಹೋಗುತ್ತದೆ. ಎರಡನೆಯದಕ್ಕೆ ಹೇಳಬೇಕೆಂದರೆ, ನನಗೆ ತಾಳ್ಮೆ ಇಲ್ಲವೆಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಸತ್ಯ ಹೇಳುತ್ತೇನೆ. ಶೆಡ್ಡಿಗೆ ಹೋದ ಮೊದಲ ವರ್ಷ ನನಗೆ ಆ ಕೆಲಸ ಹಿತವಾಗಿದ್ದದ್ದು ಅಲ್ಲಿ ಎಲ್ಲರ ಕಣ್ಣಲ್ಲೂ ನೀರು ಬರುತ್ತಿತ್ತೆಂದು. ಯಾಕಮ್ಮಾ ಅಳ್ತೀಯ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಅಳು ಬರುವುದಿಲ್ಲ, ಈರುಳ್ಳಿಗೂ ಅಷ್ಟೊಂದು ಬರುವುದಿಲ್ಲ. ಅಭ್ಯಾಸವಾಗಿದೆ.

ನಿಮ್ಮ ನಿಜವಾದ ಹೆದರಿಕೆ ಬೇರೆ ಎಂದು ನನಗೆ ಗೊತ್ತು. ನೀವು ಒಂದೇ ಸಲ, ಒರಳಿನ ಮುಂದೆ, ನನ್ನ ಕಡೆ ನೋಡದೆ ಹೇಳಿದ್ದಿರಿ. ಹೆಣ್ಣು ಕೂಸು ಕಣೇ. ನಾಳೆ ದೊಡ್ಡೋಳಾದ್ರೆ? ನಾನು ಮಣ್ಣಿಗೆ ಹೋದ್ಮೇಲೆ ನೀನೊಬ್ಳೇ ಏನ್ ಮಾಡ್ತೀಯ? ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಇದೆಯೆಂದು ಸುಳ್ಳು ಬರೆಯುವುದಿಲ್ಲ. ಗೊತ್ತಿರುವುದು ಇಷ್ಟು. ಹೋದ ವರ್ಷ ಅವಳು ಒಬ್ಬಳೇ ಸ್ನಾನ ಮಾಡುತ್ತಿರಲಿಲ್ಲ. ಬಚ್ಚಲ ಗೋಡೆಗೆ ಆರು ಚಿತ್ರ ಅಂಟಿಸಿದ ಮೇಲೆ, ಏಳು ತಿಂಗಳಿಗೆ, ಈಗ ಬೆನ್ನೊಂದು ಬಿಟ್ಟು ಮಿಕ್ಕದ್ದನ್ನು ತಾನೇ ಮಾಡಿಕೊಳ್ಳುತ್ತಾಳೆ. ತರೀಕೆರೆಯ ಗುಂಪಿನಲ್ಲಿ ಒಬ್ಬಳು ಮಗಳು ದೊಡ್ಡವಳಾಗುವ ಒಂದು ವರ್ಷ ಮೊದಲೇ ಪ್ಯಾಡ್ ಹಾಕಿಕೊಳ್ಳುವುದನ್ನು ದಿನಾ ಆಟದಂತೆ ಕಲಿಸಿದ್ದಾಳೆ. ಆ ಹುಡುಗಿ ಈಗ ತಾನೇ ನೋಡಿಕೊಳ್ಳುತ್ತಾಳೆ. ನಮಗೆ ಇನ್ನೂ ಸಮಯವಿದೆ. ಮೇಡಂ ವಾರಕ್ಕೆರಡು ದಿನ, ಬುಧವಾರ ಮತ್ತು ಶನಿವಾರ, ಭೂಮಿಯನ್ನು ಕರೆದುಕೊಂಡು ಬರಲು ಹೇಳಿದ್ದಾರೆ, ದೀಪಾವಳಿ ಕಳೆದ ಮೇಲೆ ಶುರು. ಆ ಎರಡು ದಿನ ಶೆಡ್ಡಿಗೆ ಬರುವುದಿಲ್ಲವೆಂದು ಜಯದೇವಪ್ಪನವರಿಗೆ ಹೇಳಿ ಆಯಿತು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನು ಹೂಂ ಎಂದೇ ತಿಳಿದುಕೊಂಡಿದ್ದೇನೆ.

ಅರ್ಜಿಯ ಹದಿನಾಲ್ಕನೆಯ ಕಲಂ ನೋಡಿ. ಅಕ್ಷತಾ, ಓದಿ ಹೇಳು. ಮಗು ಮನೆಯಲ್ಲಿ ಯಾರನ್ನು ಹೆಚ್ಚು ಹಚ್ಚಿಕೊಂಡಿದೆ ಎಂದು ಕೇಳಿದ್ದಾರೆ. ಧನಪಾಲಣ್ಣ ನೀಲಿ ಶಾಯಿಯಲ್ಲಿ, ಯಾರನ್ನೂ ಇಲ್ಲ, ಎಂದು ಬರೆದಿದ್ದರು. ಅವರು ಕಂಡದ್ದನ್ನು ಬರೆದರು. ನಾನು ಅದನ್ನು ಒಂದು ಗೆರೆ ಎಳೆದು ಹೊಡೆದು, ತಾಯಿ ಜಯಶೀಲಾ ಎಂದು ಬರೆದಿದ್ದೇನೆ. ವಾಪಸ್ ಕೊಡುವ ಅರ್ಜಿ ತಿದ್ದುವುದು ಯಾಕೆ ಎಂದು ಇವರು ಕೇಳಿದರು. ಪೇಪರಿನಲ್ಲಿ ಒಂದು ಹೆಸರು ತಪ್ಪಾಗಿ ಬಿದ್ದರೆ ಮಾರನೆಯ ದಿನ ಯಾವುದೋ ಮೂಲೆಯಲ್ಲಿ ತಿದ್ದುಪಡಿ ಎಂದು ಎರಡು ಸಾಲು ಹಾಕುತ್ತಿದ್ದರು. ನಮ್ಮಪ್ಪ ಅದನ್ನು ಹುಡುಕಿ ನನ್ನ ಕೈಲಿ ಓದಿಸುತ್ತಿದ್ದರು. ತಪ್ಪು ಬರೆದ ಕಾಗದ ನಮ್ಮ ಮನೆಯಿಂದ ಹಾಗೇ ಹೊರಗೆ ಹೋಗಬಾರದು.

ನೀವು ಬರಬೇಕು. ಶೆಡ್ಡಿಗೆ ಹೋಗಲು ನನಗೆ ಅನುಕೂಲವಾಗಲಿ ಎಂದು ಕರೆಯುತ್ತಿಲ್ಲ. ನೀವು ಬರದಿದ್ದರೂ ನಾನು ಸಹಿ ಹಾಕುವುದಿಲ್ಲ, ಏನಾದರೂ ಮಾಡಿ ನಡೆಸುತ್ತೇನೆ. ಆ ಮನೇಲಿ ನನಗೇನೈತೆ ಹಕ್ಕು ಎಂದು ಇವರ ಹತ್ತಿರ ಅಂದಿರಂತೆ. ಹಕ್ಕು ಇದೆ. ನಾನೇ ಬರೆದು ಕೊಡುತ್ತಿದ್ದೇನೆ, ಇದನ್ನು ಇಟ್ಟುಕೊಳ್ಳಿ.

ಅಕ್ಷತಾಳ ಮಗುವಿಗೆ ಮುತ್ತು, ಧನಪಾಲಣ್ಣನಿಗೆ ನಮಸ್ಕಾರ. ಇವರು ನಿಮ್ಮ ಪಾದಕ್ಕೆ ನಮಸ್ಕಾರ ಎಂದು ಬರೆಯಲು ಹೇಳಿ ಮೇಕೆಗೆ ಸೊಪ್ಪು ತರಲು ಹೋದರು. ನನ್ನದನ್ನೂ ಸೇರಿಸಿಕೊಳ್ಳಿ.

ನಿಮ್ಮ ಸೊಸೆ,
ಜಯಶೀಲಾ

ಕವರು ಅಂಟಿಸುವ ಮೊದಲು: ಅತ್ತೆ, ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಮಂಗಳವಾರ ಬಿಸಿಲು ಬಂತೆಂದು ನಿಮ್ಮ ಮಂಚದ ಮೇಲಿನ ಕೌದಿಯನ್ನು ಸೋಪಿನಲ್ಲಿ ನೆನೆಸಿ ಚೆನ್ನಾಗಿ ಒಗೆದು ಹಾಕಿದೆ. ಸಿಟ್ಟೂ ಇತ್ತು, ಇನ್ನು ಈ ಕಡ್ಡಿಪುಡಿ ನಾತ ಹೋಗಲಿ ಎಂದುಕೊಂಡೇ ಒಗೆದೆ. ನೀವು ಹೋದ ಶುಕ್ರವಾರದಿಂದ ಭೂಮಿ ಆ ಕೌದಿ ಹೊದ್ದೇ ಮಲಗುತ್ತಿದ್ದಳು, ಚಳಿಗೆ ಎಂದುಕೊಂಡಿದ್ದೆ. ಮಂಗಳವಾರ ಸಂಜೆ ಅಂಗಿ ಮೂಸಿ ಆದ ಮೇಲೆ ನಿಮ್ಮ ಮಂಚಕ್ಕೆ ಹೋಗಿ ಕೌದಿ ಎಳೆದು ಮೂಸಿದಳು, ಎಸೆದಳು. ಆವತ್ತಿನಿಂದ ಸರಿಯಾಗಿ ಮಲಗಿಲ್ಲ. ನೀವು ಒರಗಿ ಕೂರುವ ಕಡೆ ಗೋಡೆಯ ಮೇಲೆ ನಿಮ್ಮ ತಲೆಯ ಹರಳೆಣ್ಣೆಯ ಗುರುತು ಇದೆಯಲ್ಲ, ಸುಣ್ಣ ಬಳಿಯುವಾಗಲೂ ಹೋಗಲಿಲ್ಲ ಎಂದು ನಾವು ಬೈದುಕೊಂಡದ್ದು, ಗುರುವಾರದಿಂದ ಅದಕ್ಕೆ ಮೂಗು ಒತ್ತಿ ನಿಲ್ಲುತ್ತಾಳೆ. ನಾನು ಹೊಂಟ್ರೂ ತಿರುಗಿ ನೋಡ್ಲಿಲ್ಲ ಆ ಕೂಸು ಎಂದು ಬಸ್‌ಸ್ಟ್ಯಾಂಡಿನಲ್ಲಿ ನೀವು ಕಣ್ಣೊರೆಸಿಕೊಂಡಿರಂತೆ. ತಿರುಗಿ ನೋಡಲಿಲ್ಲ ನಿಜ. ಈಗ ಗೋಡೆ ಬಿಟ್ಟು ಬರುತ್ತಿಲ್ಲ, ಇದೂ ನಿಜ.

ನೀವು ಅಂಗಿಗೆ ಮಾಡಿದ್ದನ್ನೇ ನಾನು ಕೌದಿಗೆ ಮಾಡಿದೆ, ಅದೂ ಎಲ್ಲ ಗೊತ್ತಾದ ಮೇಲೆ. ಆ ಬೇಸಿನ್ ಮಾತಿಗೆ ಕ್ಷಮೆ ಕೇಳುವುದಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಹಾಗೇ ಇರಲಿ, ತಿದ್ದುಪಡಿ ಇಲ್ಲಿ: ಅದಕ್ಕೂ ಕೇಳುತ್ತೇನೆ. ಹದಿನಾಲ್ಕನೆಯ ಕಲಮಿನಲ್ಲಿ ನನ್ನ ಹೆಸರಿನ ಮುಂದೆ ಈಗ ಇನ್ನೊಂದು ಹೆಸರು ಸೇರಿಸಿದ್ದೇನೆ, ಶಾಯಿ ಇನ್ನೂ ಆರಿಲ್ಲ. ಅಜ್ಜಿ ಓಬಮ್ಮ. ಅಕ್ಷತಾ, ಇದನ್ನು ಎರಡು ಸಲ ಓದು.

ಈ ಕಾಗದವನ್ನು ನಾಳೆ ಈರುಳ್ಳಿ ಲೋಡು ತರುವ ಪರಮೇಶ ತಂದುಕೊಡುತ್ತಾನೆ. ಸಂಜೆ ನಾಲ್ಕಕ್ಕೆ ವಾಪಸ್ ಹೊರಡುತ್ತಾನೆ. ಅವನ ಕೈಲಿ ನೀವು ಉಟ್ಟು ಬಿಟ್ಟ ಒಂದು ಸೀರೆ ಕಳಿಸಿ. ದಯವಿಟ್ಟು ಒಗೆಯಬೇಡಿ, ಅಕ್ಷತಾ ಒಗೆಯಲು ತೆಗೆದುಕೊಂಡರೂ ಕೊಡಬೇಡಿ. ಸೀರೆ ಬೇಡವೆಂದರೆ, ಅವನ ಗಾಡಿಯಲ್ಲಿ ಮುಂದಿನ ಸೀಟು ಖಾಲಿ ಇರುತ್ತದೆ, ಕೇಳಿ ಇಟ್ಟಿದ್ದೇನೆ.